ತಾಟಿನಲ್ಲಿ ಬಿಟ್ಟದ್ದು

ಮೊನ್ನೆ ಭಾನುವಾರ ನಮ್ಮ ಸೊಸೆ ಚೈತ್ರಾ ಅಡಿಗೆಮನೆಯ ಹಳೆಯ ಪಾತ್ರೆಗಳನ್ನು ಹೊರಗೆ ಹಾಕುತ್ತಿದ್ದಳು. ಕೆಳಗೆ ಸೊಸೈಟಿಯ ಗೇಟಿನಲ್ಲಿ ಭಂಗಾರದವನು, ಅಂದರೆ ಹಳೇ ಸಾಮಾನಿನ ಗುಜರಿಯವನು, ಕೈಗಾಡಿ ನಿಲ್ಲಿಸಿಕೊಂಡು ಕೂಗುತ್ತಿದ್ದ. ಹಿಡಿಕೆ ಮುರಿದ ಕುಕ್ಕರು, ಕಿವಿ ಹೋದ ಬಾಣಲೆ, ನೆಗ್ಗಿದ ಡಬ್ಬಿ ಎಲ್ಲ ಚೀಲಕ್ಕೆ ಬಿದ್ದವು. ಅವುಗಳ ಜೊತೆ ಒಂದು ಸಣ್ಣ ಬೋಗುಣಿಯೂ ಬಿತ್ತು. ಒಬ್ಬರಿಗೆ ಸಾಕಾಗುವಷ್ಟು ಸಾರು ಹಿಡಿಸುವಂಥದ್ದು, ತಳ ಹತ್ತಿ ಕರ್ರಗಾದದ್ದು. ನಾನು ಎದ್ದು ಹೋಗಿ ಅದನ್ನು ಚೀಲದಿಂದ ತೆಗೆದು, ತೊಳೆದು, ಗೂಡಿನಲ್ಲಿ ಮೊದಲಿದ್ದ ಜಾಗದಲ್ಲಿಯೇ ಬೋರಲು ಹಾಕಿದೆ. ಚೈತ್ರಾ ನೋಡಿದಳು. ಚೀಲದ ಬಾಯಿ ಕಟ್ಟಿದಳು. ಆ ಬೋಗುಣಿಯ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ನಿಮ್ಮ ಮುಂದೆ ಎತ್ತಬೇಕೆನ್ನಿಸಿದೆ. ಆದರೆ ಬೋಗುಣಿಯ ಕಥೆಗಿಂತ ಮೊದಲು ನನ್ನ ಮೂಗಿನ ಕಥೆ ಕೇಳಬೇಕು. ಮೂಗಿನ ಬಗ್ಗೆ ಇಷ್ಟು ಹೇಳಿಕೊಳ್ಳುವವನು ಊರಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ, ಸ್ವಲ್ಪ ಸೈರಿಸಿಕೊಳ್ಳಿ.

ನಾನು ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ. ಓದಿನಲ್ಲಿ ಅಷ್ಟಕ್ಕಷ್ಟೆ, ಆಟದಲ್ಲಿ ಅದಕ್ಕಿಂತ ಕಡಿಮೆ. ದೇವರು ನನಗೆ ಧಾರಾಳವಾಗಿ ಕೊಟ್ಟದ್ದು ಮೂಗೊಂದನ್ನೇ. ಸಂತೆಯ ದಿನ ಹಳ್ಳಿಯ ಹೆಣ್ಣುಮಕ್ಕಳು ಎಲೆಯಲ್ಲಿ ಬೆಣ್ಣೆಯ ಮುದ್ದೆ ಇಟ್ಟುಕೊಂಡು ಓಣಿಗೆ ಬರುತ್ತಿದ್ದರು. ಅವ್ವ ನನ್ನನ್ನು ಮುಂದೆ ತಳ್ಳಿ, “ಮೂಸಿ ನೋಡೋ” ಅನ್ನುತ್ತಿದ್ದಳು. ನಾನು ಮೂಸಿ “ಕಮಟು” ಅಂದರೆ ವ್ಯಾಪಾರ ಅಲ್ಲಿಗೆ ಮುಗಿಯಿತು. ಒಬ್ಬಳಂತೂ ನಮ್ಮ ಮನೆ ಹತ್ತಿರ ಬಂದಾಗ ಮೊದಲು ನಾನು ಶಾಲೆಗೆ ಹೋಗಿದ್ದೇನೋ ಇಲ್ಲವೋ ಎಂದು ಇಣುಕಿ ನೋಡಿಯೇ ಬುಟ್ಟಿ ಇಳಿಸುತ್ತಿದ್ದಳು. ಕುಸುಬಿ ಎಣ್ಣೆ ಹೊಸ ಗಾಣದ್ದೋ ಹಳೆಯದೋ, ಎದುರು ಮನೆಯಲ್ಲಿ ಗುರೆಳ್ಳು ಹುರಿದಿದ್ದಾರೋ ಶೇಂಗಾ ಹುರಿದಿದ್ದಾರೋ, ಎಲ್ಲ ನನಗೆ ಕಟ್ಟೆಯ ಮೇಲೆ ಕೂತಲ್ಲಿಯೇ ಗೊತ್ತಾಗುತ್ತಿತ್ತು. ಬಂದವರ ಮುಂದೆಲ್ಲ ಅವ್ವ ನನ್ನ ಮೂಗನ್ನು ಹೊಗಳುತ್ತಿದ್ದಳು. ನಾನೂ ಅದನ್ನು ನನ್ನದೇ ಸಂಪಾದನೆಯೆಂಬಂತೆ ಎತ್ತಿಕೊಂಡು ಓಡಾಡುತ್ತಿದ್ದೆ.

ಡಿಪ್ಲೊಮಾ ಮುಗಿಸಿ ಪುಣೆಯ ಹತ್ತಿರದ ಚಿಂಚವಾಡಕ್ಕೆ ಬಂದೆ. ಸಣ್ಣದೊಂದು ಕಾರ್ಖಾನೆಯಲ್ಲಿ ಕ್ರೋಮ್ ಪ್ಲೇಟಿಂಗ್ ವಿಭಾಗದ ಸೂಪರ್‌ವೈಸರ್ ಆದೆ. ಸ್ಕೂಟರಿನ ಹ್ಯಾಂಡಲ್ಲು, ಬಂಪರು, ನಲ್ಲಿ, ಇವಕ್ಕೆಲ್ಲ ಕನ್ನಡಿಯಂತೆ ಹೊಳಪು ಬರಿಸುವ ಕೆಲಸ. ಸಾಲಾಗಿ ಆಸಿಡ್ ತುಂಬಿದ ಟಾಕಿಗಳು, ಅವುಗಳಿಂದ ಸದಾ ಏಳುವ ಹಳದಿ ಹಬೆ. ಗಾಳಿ ಎಳೆಯುವ ಪಂಖಾ ಇತ್ತು, ತಿರುಗುವುದು ಅದರ ಮರ್ಜಿ. ಮೂಗಿನಲ್ಲಿ ರಕ್ತ ಬಂದರೆ ಉಷ್ಣ ಆಗಿದೆ ಎಂದು ಮಜ್ಜಿಗೆ ಕುಡಿಯುತ್ತಿದ್ದೆವು. ಮಾನೆ ಎಂಬ ಹಳೆಯ ಕೆಲಸಗಾರ ಹೊಸಬರು ಬಂದಾಗಲೆಲ್ಲ ಒಂದು ಆಟ ತೋರಿಸುತ್ತಿದ್ದ. ದಾರದ ಎಳೆಯನ್ನು ಒಂದು ಹೊಳ್ಳೆಯಲ್ಲಿ ತೂರಿಸಿ ಇನ್ನೊಂದರಿಂದ ಹೊರಗೆ ಎಳೆಯುತ್ತಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಮೂಗಿನೊಳಗಿನ ಗೋಡೆ ಸವೆದು ತೂತಾಗದೆ ಆ ಆಟ ಆಗುವಂಥದ್ದಲ್ಲ ಎಂದು ನಮ್ಮಲ್ಲಿ ಯಾರೂ ಯೋಚಿಸಲಿಲ್ಲ. ನಿವೃತ್ತಿಯಾಗುವವರೆಗೆ ನಾನು ಅದೇ ಹಬೆಯಲ್ಲಿ ನಿಂತಿದ್ದೆ.

ಆ ವರ್ಷಗಳಲ್ಲಿಯೇ ಪುಣೆಯ ಹೋಟೆಲುಗಳು ಕೆಡತೊಡಗಿದವು. ಹಾಗೆಂದು ನಾನು ತಿಳಿದಿದ್ದೆ. ಮೊದಲು ಸ್ಟೇಷನ್ ಹತ್ತಿರದ ಮಿಸಳ್ ಪಾವ್ ಕೆಟ್ಟಿತು, ಸುಟ್ಟ ರಬ್ಬರಿನ ವಾಸನೆ. ಆಮೇಲೆ ಇಡ್ಲಿಯ ಚಟ್ನಿ ಸಾಬೂನಾಯಿತು. ಪನೀರು, ಬಿರಿಯಾನಿ, ಕೊನೆಗೆ ಬರೀ ದಾಲ್ ಕೂಡ ಒದ್ದೆ ರಟ್ಟನ್ನು ಅಗಿದಂತೆ ಆಗತೊಡಗಿತು. ಒಂದೊಂದು ಹೋಟೆಲಿಗೆ ನನ್ನ ಹತ್ತಿರ ಒಂದೊಂದು ಸಿದ್ಧಾಂತವಿತ್ತು. ಇಲ್ಲಿ ಕರಿದ ಎಣ್ಣೆಯನ್ನೇ ಮತ್ತೆ ಕರಿಯುತ್ತಾರೆ, ಅಲ್ಲಿ ಸೋಡಾ ಸುರಿಯುತ್ತಾರೆ, ಇನ್ನೊಂದು ಕಡೆ ಈರುಳ್ಳಿ ಹೆಚ್ಚಿ ಎರಡು ದಿನ ಇಡುತ್ತಾರೆ. ಧಾರವಾಡದಲ್ಲಿ ಬೆಣ್ಣೆ ಪಾಸು ಮಾಡಿದ ಮೂಗು ಸುಳ್ಳು ಹೇಳುತ್ತದೆಯೆ?

ಒಮ್ಮೆ ಒಂದು ಹೋಟೆಲಿನಲ್ಲಿ ಕಾಳಿನ ಉಸಳು ತಿರುಗಿ ಕಳಿಸಿದೆ. ಏನಾಯಿತೆಂದು ಕೇಳಲು ಮಾಲೀಕ ತಾನೇ ಎದ್ದು ಬಂದ.

“ಕಾಯ್ ಝಾಲಂ ಕಾಕಾ?”

“ತೇಲ್ ಖರಾಬ್ ಆಹೇ,” ಎಣ್ಣೆ ಕೆಟ್ಟಿದೆ ಅಂದೆ.

ಅವನು ನನ್ನ ಮುಂದೆಯೇ ಒಂದು ಚಮಚ ತಿಂದು, ಎಣ್ಣೆ ಇವತ್ತಿನದೇ, ಇಡೀ ಹೋಟೆಲು ತಿನ್ನುತ್ತಿದೆ, ನಿಮ್ಮೊಬ್ಬರಿಗೇ ಹೇಗೆ ಹೀಗಾಗುತ್ತದೆ ಎಂದು ಮರಾಠಿಯಲ್ಲಿ ಕೇಳಿದ. ನಾನು ತೋಳೇರಿಸುವುದರಲ್ಲಿದ್ದೆ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಶಾಂತಾ ನನ್ನ ತಾಟನ್ನು ತನ್ನ ಕಡೆ ಎಳೆದುಕೊಂಡಳು.

“ಹೋಗ್ಲಿ ಬಿಡ್ರಿ. ಇಲ್ಲಿ ಕೊಡ್ರಿ, ನಾ ತಿಂತೀನಿ. ಮನ್ಯಾಗ ಸಾರು ಅದ, ಹೋಗಿ ಬಿಸಿ ಮಾಡಿ ಕೊಡ್ತೀನಿ.”

ಇದೇ ನಮ್ಮ ಹೋಟೆಲಿನ ಪದ್ಧತಿಯಾಯಿತು. ನಾನು ಮೂಗು ಮುರಿಯುವುದು, ಅವಳು ನನ್ನದನ್ನೂ ತಿನ್ನುವುದು, ಮನೆಗೆ ಬಂದು ನನಗೆ ಅನ್ನ ಸಾರು ಬಡಿಸುವುದು. ಮನೆಯ ಊಟದಲ್ಲಿ ಯಾವ ದೋಷವೂ ಇರಲಿಲ್ಲ ನೋಡಿ. ಸಾರಿಗೆ ಸಾರಿನ ರುಚಿ, ಎಣ್ಣೆಗಾಯಿಗೆ ಎಣ್ಣೆಗಾಯಿಯ ರುಚಿ. “ನಮ್ಮಾಕಿ ಕೈಯಾಗ ಏನೋ ಅದ” ಎಂದು ಕಂಡವರಿಗೆಲ್ಲ ಹೇಳುತ್ತಿದ್ದೆ. ಮಗ ಗಿರೀಶನ ಮದುವೆಯ ಮಾತುಕತೆಗೆಂದು ಚೈತ್ರಾಳ ತಂದೆತಾಯಿ ತುಮಕೂರಿನಿಂದ ಬಂದಾಗ, ವಿಮಾನ ನಗರದ ಮಾಲ್ ಒಂದರ ದೊಡ್ಡ ಹೋಟೆಲಿನಲ್ಲಿ ಊಟ. ಬೀಗರಾಗಲಿರುವವರ ಎದುರು ನಾನು ಮೊದಲ ತುತ್ತಿಗೇ, “ಇದರಾಗ ಬಟ್ಟಿ ಸಾಬೂನು ಬಿದ್ದದ” ಎಂದು ಘೋಷಿಸಿದೆ. ಬಿಲ್ಲು ಕೊಡುವವರು ಅವರು! ಗಿರೀಶ ತಲೆ ತಗ್ಗಿಸಿದ. ಶಾಂತಾ ಎಂದಿನಂತೆ ನನ್ನ ತಾಟು ಎಳೆದುಕೊಂಡು, “ಇವರಿಗೆ ಹೊರಗಿಂದು ಸೇರಂಗಿಲ್ರಿ, ಭಾಳ ನಾಜೂಕು” ಎಂದು ನಗುತ್ತಾ ತಿಂದು ಮುಗಿಸಿದಳು. ಚೈತ್ರಾಳ ಆಫೀಸು ಅಲ್ಲೇ ಹತ್ತಿರ, ಈಗಲೂ ಸಹೋದ್ಯೋಗಿಗಳ ಜೊತೆ ಅಲ್ಲಿಗೆ ಹೋದಾಗಲೆಲ್ಲ ಅದು ನೆನಪಾಗುತ್ತದಂತೆ.

ತಾಟಿನ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ಹಳೆಯ ಮಂದಿಯಲ್ಲಿ ಗಂಡ ಉಂಡೆದ್ದ ತಾಟಿನಲ್ಲಿಯೇ ಹೆಂಡತಿ ಉಣ್ಣುವ ರೂಢಿ ಇತ್ತು. ನಮ್ಮವ್ವ ಹಾಗೆಯೇ ಉಂಡವಳು. ಶಾಂತಾ ಮದುವೆಯಾಗಿ ಬಂದವಳು ಅವಳನ್ನು ನೋಡಿ ಅದನ್ನೇ ಹಿಡಿದಳು. ನಾನು ಯೂನಿಯನ್ನಿನಲ್ಲಿ ಸಮಾನತೆಯ ಮೇಲೆ ಮಾತಾಡುತ್ತಿದ್ದ ಮನುಷ್ಯ. ಇದೆಲ್ಲ ಏನು, ಬೇರೆ ತಾಟು ತೊಗೋ ಎಂದು ರೇಗಿದೆ.

“ನಿಮ್ಮ ಭಾಷಣಾ ಅಲ್ಲೇ ಇರ್ಲಿ,” ಅಂದಳು. “ಒಂದು ತಾಟು ತೊಳಿಯೂದು ಉಳೀತದ ನನಗ.”

ಸೋತೆ. ಸೋತವನು ಆ ರೂಢಿಯ ಇನ್ನರ್ಧವನ್ನೂ ಕಲಿತೆ. ಗಂಡ ತಾಟು ಬಳಿದು ಏಳಬಾರದು. ಹಿಂದೆ ಕೂರುವವಳಿಗೆಂದು ಒಂದಿಷ್ಟು ಬಿಡಬೇಕು. ನಾನು ಕೈತೊಳೆಯುವ ಮುಂಚೆ ಕಲಸಿದ ಅನ್ನದಲ್ಲಿ ಎರಡು ತುತ್ತು, ಎಣ್ಣೆಗಾಯಿಯಲ್ಲಿ ಮಸಾಲೆ ತುಂಬಿದ ಒಂದು ಬದನೆಕಾಯಿ, ತಾಟಿನ ಬಲಬದಿಗೆ ಸರಿಸಿ ಬಿಡುತ್ತಿದ್ದೆ. ರುಚಿಯಾದದ್ದನ್ನೇ ಬಿಡುತ್ತಿದ್ದೆ. ನಮ್ಮ ಪೀಳಿಗೆಯ ಗಂಡಸರಿಗೆ ಹೆಂಡತಿಯ ಎದುರು ನಿಂತು ಪ್ರೀತಿಯ ಮಾತಾಡಲು ಬರುತ್ತಿರಲಿಲ್ಲ. ಹೂ ತಂದು ಕೊಡುವುದಕ್ಕೂ ನಾಚಿಕೆ. ನನಗೆ ಅವಳ ಮೇಲೆ ಪ್ರೀತಿ ಇತ್ತು, ಬಹಳ ಇತ್ತು, ಅದನ್ನು ತೋರಿಸಲು ನನಗಿದ್ದ ಜಾಗ ಆ ತಾಟಿನ ಬಲಬದಿ.

ಗಿರೀಶನ ಮದುವೆಗಿಂತ ತುಸು ಮೊದಲು ಶಾಂತಾಳಿಗೆ ಬಿ.ಪಿ. ಶುರುವಾಯಿತು. ಡಾಕ್ಟರು ಗುಳಿಗೆ ಬರೆದು, ಎಲ್ಲಕ್ಕಿಂತ ಮೊದಲು ಉಪ್ಪು ಕಡಿಮೆ ಮಾಡಿ ಅಂದರು. ಅವಳು ಅದನ್ನು ವ್ರತದಂತೆ ಪಾಲಿಸಿದಳು. ಉಪ್ಪಿನಕಾಯಿಯ ಭರಣಿ ಮೇಲೇರಿತು, ಹಪ್ಪಳ ನಿಂತಿತು, ಸಾರು ಪಲ್ಯಗಳಿಗೆ ಉಪ್ಪು ಚಿಟಿಕೆಯ ಲೆಕ್ಕಕ್ಕೆ ಬಂತು. ಗಿರೀಶ, ಮುಂದೆ ಚೈತ್ರಾ, ಇಬ್ಬರೂ ಸಪ್ಪೆ ಸಪ್ಪೆ ಎಂದು ಗೊಣಗಿ ಉಪ್ಪಿನ ಡಬ್ಬಿ ಪಕ್ಕದಲ್ಲಿಟ್ಟುಕೊಂಡೇ ಕೂರುತ್ತಿದ್ದರು. ನನಗೇನೂ ಸಪ್ಪೆ ಅನಿಸುತ್ತಿರಲಿಲ್ಲ.

“ಹೋಟೆಲ್ ತಿಂದು ತಿಂದು ನಿಮ್ಮ ಬಾಯಿ ಕೆಟ್ಟಾವ,” ಎಂದು ಅವರಿಗೆ ಉಪದೇಶ ಮಾಡುತ್ತಿದ್ದೆ. ಬಡಿಸಿದ ತಾಟು ನನಗೆ ಅಡಿಗೆಮನೆಯಿಂದ ತಯಾರಾಗಿ ಹೊರಗೆ ಬರುತ್ತಿತ್ತು. ಸಮಾನತೆಯ ಭಾಷಣಕಾರ ಆ ಅಡಿಗೆಮನೆಯೊಳಗೆ ಕಾಲಿಟ್ಟದ್ದು ನೀರು ಕುಡಿಯಲಿಕ್ಕೆ ಮಾತ್ರ.

ಇಷ್ಟಾದರೂ ಬಿ.ಪಿ. ಇಳಿಯಲಿಲ್ಲ. ಗುಳಿಗೆ ಒಂದಿದ್ದದ್ದು ಎರಡಾಯಿತು, ಎರಡು ಮೂರಾಯಿತು. ಪ್ರತಿ ಸಲವೂ ಡಾಕ್ಟರು ಉಪ್ಪಿನ ಬಗ್ಗೆ ಕೇಳುತ್ತಿದ್ದರು. ಪ್ರತಿ ಸಲವೂ ಅವಳು, ಕಡಿಮೆ ಮಾಡಿದ್ದೇನೆ ಅನ್ನುತ್ತಿದ್ದಳು. ಅವರು ನಂಬದವರಂತೆ ನನ್ನ ಮುಖ ನೋಡುತ್ತಿದ್ದರು. ನಾನು ಎದೆ ಮೇಲೆ ಕೈಯಿಟ್ಟು, ಮನೆಯಲ್ಲಿ ಉಪ್ಪೇ ಇಲ್ಲ ಡಾಕ್ಟರ್, ನಾನೇ ಸಾಕ್ಷಿ ಅನ್ನುತ್ತಿದ್ದೆ. ನನ್ನ ಬಿ.ಪಿ.ಯನ್ನೂ ನೋಡುತ್ತಿದ್ದರು. ಅದು ಕಾಲೇಜು ಹುಡುಗನದರಂತೆ ಇರುತ್ತಿತ್ತು. ಒಬ್ಬೊಬ್ಬರ ಮೈಗುಣ ಅಂದರು.

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ, ಬೆಳಿಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಅಲ್ಲಿಯೇ ಕುಸಿದಳು. ತಲೆಯೊಳಗೆ ನರ ಒಡೆದಿತ್ತು. ಆಸ್ಪತ್ರೆಯಲ್ಲಿ ಕಣ್ಣು ತೆರೆಯಲೇ ಇಲ್ಲ. ಒಗೆದ ನನ್ನ ಅಂಗಿ ಹಿಂಡಿದಂತೆಯೇ ಬಾಲ್ಕನಿಯ ಮೂಲೆಯಲ್ಲಿ ಬಿದ್ದಿತ್ತು. ಅವಳನ್ನು ಕಳಿಸಿಕೊಟ್ಟು ಬಂದ ಮೇಲೆ ಅದನ್ನು ನಾನೇ ಒಣಹಾಕಿದೆ.

ಆಮೇಲೆ ಮನೆಯ ಊಟವೂ ಕೆಟ್ಟಿತು. ಮೊದಲ ದಿನಗಳಲ್ಲಿ ದುಃಖಕ್ಕೆ ಹೀಗಾಗುತ್ತದೆ ಅಂದುಕೊಂಡೆ. ತಿಂಗಳುಗಳು ಕಳೆದರೂ ಚೈತ್ರಾ ಮಾಡಿದ ಸಾರು ಒದ್ದೆ ರಟ್ಟು, ಪಲ್ಯ ಮೇಣ. ಅವಳು ಆಫೀಸಿನ ಕರೆಗಳ ನಡುವೆಯೇ ಶಾಂತಾ ಹೇಳಿಕೊಟ್ಟ ಮಸಾಲೆ, ಶಾಂತಾ ತರುತ್ತಿದ್ದ ಅಂಗಡಿಯದೇ ಬೇಳೆ ಹಾಕಿ ಮಾಡುತ್ತಿದ್ದಳು. ನಾನು ಎರಡು ತುತ್ತು ತಿಂದು ತಾಟು ಸರಿಸುತ್ತಿದ್ದೆ. ಒಂದು ದಿನ ಬಾಯಿ ತಪ್ಪಿ, “ಹೋಟೆಲಿಂದಿದ್ದಂಗ ಅದ ನೋಡವಾ” ಅಂದೆ. ಅವಳ ಕಣ್ಣಲ್ಲಿ ನೀರು ಬಂತು. ಆದರೂ ಆ ವಾರವೇ ರಜೆ ಹಾಕಿ ನನ್ನನ್ನು ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ತೂಕ ಇಳಿದದ್ದನ್ನು ನನಗಿಂತ ಮೊದಲು ಅವಳು ನೋಡಿದ್ದಳು.

ಡಾಕ್ಟರು ವಯಸ್ಸಾದ ಹೆಂಗಸು. ನನ್ನ ಕಣ್ಣು ಮುಚ್ಚಿಸಿ ಒಂದೊಂದೇ ಸಣ್ಣ ಶೀಶೆಯನ್ನು ಮೂಗಿಗೆ ಹಿಡಿದರು. ಏನೂ ಇಲ್ಲ ಅಂದೆ. ಇನ್ನೊಂದು, ಏನೂ ಇಲ್ಲ. ಮತ್ತೊಂದಕ್ಕೆ ಏನೋ ಸುಟ್ಟಂತಿದೆ ಅಂದೆ. ಕಣ್ಣು ತೆರೆಸಿ ತೋರಿಸಿದರು: ಇಂಗು, ಕರ್ಪೂರ, ಕಾಫಿ ಪುಡಿ. ಕರ್ಪೂರದ ಶೀಶೆಯನ್ನು ನಾನೇ ಕೈಗೆ ತೆಗೆದುಕೊಂಡು ಮತ್ತೆ ಮೂಸಿದೆ. ಖಾಲಿ ಶೀಶೆ ಮೂಸಿದಂತಾಯಿತು. ಎಲ್ಲಿ ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು, ಹೇಳಿದೆ. ದೀಪ ಹಿಡಿದು ಮೂಗಿನೊಳಗೆ ನೋಡಿ, ಇಲ್ಲೊಂದು ತೂತಿದೆ ಅಂದರು. ನನಗೆ ಮಾನೆಯ ದಾರ ನೆನಪಾಯಿತು. ವಾಸನೆ ಹೋಗಿ ಬಹಳ ವರ್ಷಗಳಾಗಿರಬೇಕು, ಅಡಿಗೆಯ ರುಚಿಯಲ್ಲಿ ಹೆಚ್ಚಿನದೆಲ್ಲ ವಾಸನೆಯೇ, ನಾಲಿಗೆಯೂ ಮಂದವಾಗಿದೆ, ಅರೆಜೀವ ಇರುವ ನರ ಸುಟ್ಟ ವಾಸನೆ ಸಾಬೂನಿನ ವಾಸನೆ ಎಂದು ತಪ್ಪು ಸುದ್ದಿ ಕೊಡುತ್ತದೆ ಎಂದು ಬಿಡಿಸಿ ಹೇಳಿದರು. ಪುಣೆಯ ಹೋಟೆಲುಗಳೆಲ್ಲ ಒಂದೇ ಮಾತಿನಲ್ಲಿ ಖುಲಾಸೆಯಾದವು.

“ಹಾಗಿದ್ದರೆ ಮನೆಯ ಊಟ ಮಾತ್ರ ಇಷ್ಟು ವರ್ಷ ಸರಿ ಇದ್ದದ್ದು ಹೇಗೆ?” ಎಂದೆ.

ಅವರು ತುಸು ಯೋಚಿಸಿ, ನೆನಪಿನ ಬಲವಿರಬಹುದು, ಹೆಂಡತಿಯ ಕೈ ಎಂಬ ನಂಬಿಕೆಯೂ ರುಚಿ ಕೊಡುತ್ತದೆ ಅಂದರು. ಆ ಮಾತು ನನಗೆ ಎಷ್ಟು ಹಿತವಾಯಿತೆಂದರೆ ಮೂಗು ಹೋದ ದುಃಖ ಅರ್ಧ ಇಳಿಯಿತು. ಕಾರಿನಲ್ಲಿ ಬರುವಾಗ ಅದನ್ನೇ ಎರಡು ಮೂರು ಸಲ ಹೇಳಿದೆ. ಚೈತ್ರಾ ಗಾಡಿ ಓಡಿಸುತ್ತಿದ್ದಳು. ಮನೆ ಮುಟ್ಟಿದ ಮೇಲೆ, ಪಾರ್ಕಿಂಗಿನಲ್ಲಿ ಎಂಜಿನ್ ಆರಿಸಿ ಇಳಿಯದೆ ಕೂತಳು.

“ಮಾವ, ಒಂದು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಅತ್ತೆ ನಿಮ್ಗೆ ಸಪರೇಟಾಗಿ ಮಾಡ್ತಿದ್ರು.”

“ಅಂದ್ರ?”

“ಎಲ್ರಿಗೂ ಮಾಡಿದ ಸಾರಲ್ಲಿ ನಿಮ್ಮದನ್ನ ಆ ಚಿಕ್ಕ ಪಾತ್ರೆಗೆ ತೆಗೆದು, ಉಪ್ಪು, ಖಾರ, ಹುಣಸೆಹಣ್ಣು ಎಲ್ಲಾ ಜಾಸ್ತಿ ಹಾಕಿ ಮತ್ತೆ ಕುದಿಸ್ತಿದ್ರು. ಪಲ್ಯನೂ ಹಾಗೇ. ನಾನು ಹೊಸದಾಗಿ ಬಂದಾಗ ಗೊತ್ತಿಲ್ದೆ ಅದ್ರಿಂದ ಬಡಿಸ್ಕೊಳ್ಳೋಕೆ ಹೋದೆ. ಕೈ ಹಿಡ್ಕೊಂಡ್ಬಿಟ್ರು. ‘ಅದು ಅವರದು, ನಿನಗ ನಡಿಯೂದಿಲ್ಲ’ ಅಂದ್ರು.”

“ನನಗ್ಯಾಕ ಹೇಳಲಿಲ್ಲ ಅಕಿ?”

“ಹೇಳ್ಬೇಡ ಅಂತ ನನ್ನ ಹತ್ರಾನೂ ಪ್ರಾಮಿಸ್ ತಗೊಂಡಿದ್ರು. ಯಾವತ್ತೋ ಹಾಲು ಹೊತ್ತಿ ಮನೆಯೆಲ್ಲಾ ವಾಸನೆ ತುಂಬಿತ್ತಂತೆ. ನೀವು ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರಂತೆ. ಅವತ್ತೇ ಅವರಿಗೆ ಗೊತ್ತಾಯ್ತಂತೆ. ‘ಸಣ್ಣಂದಿನಿಂದ ಮೂಗಿನ ಮ್ಯಾಲ ಭಾಳ ಅಭಿಮಾನ ಅವರಿಗೆ. ಹೋಗೇದ ಅಂತ ಗೊತ್ತಾದ್ರ ಸೋತು ಹೋಗ್ತಾರ’ ಅಂತಿದ್ರು.”

ನಾನು ಅಳಲಿಲ್ಲ. ಒಂದು ತರಹ ಹೆಮ್ಮೆಯೇ ಆಯಿತು. ಕೈಯಲ್ಲಿ ಏನೋ ಇದೆ ಎಂದು ಹೇಳಿಕೊಂಡು ತಿರುಗಿದ್ದೆ, ನಿಜವಾಗಿಯೂ ಇತ್ತು. ಮರುದಿನ ಚೈತ್ರಾಳನ್ನು ಕೇಳಿಕೊಂಡೆ: ಒಂದೇ ಒಂದು ಸಲ ಆ ಬೋಗುಣಿಯಲ್ಲಿ ಶಾಂತಾ ಮಾಡಿದಂತೆ ಮಾಡಿಕೊಡು. ಅವಳಿಗೆ ಮನಸ್ಸಿರಲಿಲ್ಲ. ನನ್ನ ಮುಖ ನೋಡಿ ಒಪ್ಪಿದಳು. ಶಾಂತಾ ಬಳಸುತ್ತಿದ್ದ ಚಮಚದಿಂದಲೇ, ಶಾಂತಾ ಹಾಕುವುದನ್ನು ಕಂಡ ಅಂದಾಜಿನಲ್ಲಿ ಎಲ್ಲವನ್ನೂ ಹಾಕಿ ಕುದಿಸಿದಳು. ರುಚಿ ನೋಡಲಿಲ್ಲ. ಬಿಸಿ ಅನ್ನದ ಮೇಲೆ ಸಾರು ಬಿತ್ತು. ಮೊದಲ ತುತ್ತಿಗೇ ಗುರುತು ಸಿಕ್ಕಿತು. ಅದೇ ಸಾರು, ನಮ್ಮ ಮನೆಯ ಸಾರು. ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡೆ. ಆಗ ಅತ್ತುಬಿಟ್ಟೆ, ನಾಚಿಕೆಯಿಲ್ಲದೆ ಅತ್ತುಬಿಟ್ಟೆ, ಸಾರಿನ ಖಾರಕ್ಕೆ ಕಣ್ಣೀರು ಎಂದು ಚೈತ್ರಾ ತಿಳಿಯಲೆಂದು ಮೂಗು ಒರೆಸಿಕೊಳ್ಳುತ್ತಲೂ ಇದ್ದೆ.

ಚೈತ್ರಾ ಬೋಗುಣಿ ತೊಳೆಯಲು ಒಯ್ಯುವಾಗ, ನಾನು ಹೀಗೆ ಅತ್ತದ್ದನ್ನು ನೋಡಿಯೋ ಏನೋ, ತಳದಲ್ಲಿ ಉಳಿದ ಸಾರನ್ನು ಬೆರಳಿನಿಂದ ತೆಗೆದು ನಾಲಿಗೆಗೆ ಹಚ್ಚಿಕೊಂಡಳು. ತಕ್ಷಣ ಸಿಂಕಿನ ಕಡೆ ಓಡಿ ಉಗುಳಿದಳು. ಬಾಯಿ ಮುಕ್ಕಳಿಸಿ, ನೀರು ಕುಡಿದು, ಮತ್ತೆ ಮುಕ್ಕಳಿಸಿದಳು.

“ಮಾವ, ಉಪ್ಪು! ಬರೀ ಉಪ್ಪು. ಇದನ್ನ ಯಾರೂ ತಿನ್ನೋಕಾಗಲ್ಲ.”

ಹೇಳಿ ಮುಗಿಸಿದವಳು ಹಾಗೆಯೇ ನಿಂತಳು. ಅವಳು ನೋಡುತ್ತಿದ್ದದ್ದು ನನ್ನ ತಾಟನ್ನು. ನಾನೂ ನೋಡಿದೆ. ಉಂಡು ಮುಗಿಸಿದ ತಾಟಿನ ಬಲಬದಿಗೆ, ಕಲಸಿದ ಅನ್ನದ ಎರಡು ತುತ್ತು ಅಚ್ಚುಕಟ್ಟಾಗಿ ಸರಿಸಿಟ್ಟಿದ್ದವು. ನನ್ನ ಕೈ ತನ್ನ ಪಾಡಿಗೆ ತಾನು ಬಿಟ್ಟಿತ್ತು.

“ಒಬ್ಬಾಕಿ ತಿಂದಾಳಲ್ಲ,” ಅಂದೆ.

ತಾನು ಸಪ್ಪೆ ಮಾಡಿಕೊಂಡ ಅಡಿಗೆಯನ್ನು ಮಕ್ಕಳಿಗೆ ಬಡಿಸಿ, ನನ್ನ ತಾಟಿನಲ್ಲಿ ಉಳಿದ ಆ ಉಪ್ಪಿನ ಅನ್ನವನ್ನು ದಿನಾ ಎರಡು ಹೊತ್ತೂ ಅವಳು ಉಂಡಳು. ಅದನ್ನು ಬೇರೆಯವರು ತಿನ್ನುವಂತಿರಲಿಲ್ಲ, ಅನ್ನವನ್ನು ಚೆಲ್ಲುವುದು ಅವಳಿಂದ ಆಗುತ್ತಿರಲಿಲ್ಲ, ಬಿಡಬೇಡಿ ಎಂದು ನನಗೆ ಹೇಳಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಡಾಕ್ಟರ ಮುಂದೆ ಅವಳು ಸುಳ್ಳು ಹೇಳಲಿಲ್ಲ, ಅಡಿಗೆಗೆ ಉಪ್ಪು ಕಡಿಮೆಯೇ ಇತ್ತು. ತಾಟಿನಲ್ಲಿ ಉಳಿದದ್ದನ್ನು ಊಟವೆಂದು ಅವಳು ಎಂದೂ ಎಣಿಸಿರಲಿಕ್ಕಿಲ್ಲ. ಬಿ.ಪಿ.ಯ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಇದೊಂದೇ ಕಾರಣ ಎಂದು ಹೇಳಲು ಬರುವುದಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದರು. ಒಳ್ಳೆಯ ಮನುಷ್ಯ. ನನ್ನ ಕಣ್ಣು ತಪ್ಪಿಸಿ ಹೇಳಿದರು.

ಈಗ ನಾನು ಮನೆಯವರೆಲ್ಲರ ಪಾತ್ರೆಯಿಂದಲೇ ಉಣ್ಣುತ್ತೇನೆ. ಹೋಟೆಲಿಗೂ ಕರೆದರೆ ಹೋಗುತ್ತೇನೆ. ಹೇಗಿದೆ ಕಾಕಾ ಎಂದು ಯಾರಾದರೂ ಕೇಳಿದರೆ ಚೆನ್ನಾಗಿದೆ ಅನ್ನುತ್ತೇನೆ. ಒದ್ದೆ ರಟ್ಟು ತಿನ್ನುವುದೂ ರೂಢಿಯಾಗುತ್ತದೆ. ಒಂದು ಮಾತ್ರ ಇನ್ನೂ ರೂಢಿಯಾಗಿಲ್ಲ. ನಿನ್ನೆಯೂ ಊಟ ಮುಗಿಯುವ ಹೊತ್ತಿಗೆ ನೋಡುತ್ತೇನೆ, ತಾಟಿನ ಬಲಬದಿಗೆ ಎರಡು ತುತ್ತು ಅನ್ನ ಹೋಗಿ ಕೂತಿದೆ. ಚೈತ್ರಾ ನೋಡುವುದರೊಳಗೆ ಅದನ್ನು ಈಚೆಗೆ ಎಳೆದುಕೊಂಡು ತಿಂದೆ. ತಾಟಿನಲ್ಲಿ ಒಂದು ಅಗುಳೂ ಉಳಿಯದಂತೆ ಬಳಿದು, ಎದ್ದು, ನಾನೇ ತೊಳೆದಿಟ್ಟೆ.